ಅಟ್ಟದ ಕಿವಿ

ಮೊದಲನೆಯದು ಬೆಂಕಿಪೊಟ್ಟಣದಷ್ಟಿತ್ತು.
ಅರಸೀಕೆರೆಯ ಸ್ಟೇಷನ್ ರಸ್ತೆಯಲ್ಲಿ
ಇಮ್ತಿಯಾಜನ ಮಿಕ್ಸಿ ರಿಪೇರಿಯ ಮೇಜಿನ ಮೇಲೆ
ಬೆಸುಗೆ ಹಾಕಿದ್ದು.
ಶಿವಮೊಗ್ಗದ ಗಾಡಿ ಹೊರಟಾಗಲೆಲ್ಲ
ಮೇಜು ನಡುಗಿ, ಕಾದ ತವರದ ಹನಿ ಜಾರಿ
ಎರಡು ಸಲ ಸುಟ್ಟಿತು ನನ್ನ ಹೆಬ್ಬೆರಳು.

ಹೆಸರೂ ಇಟ್ಟಿದ್ದೆವು: ‘ಪಕ್ವ’.
ಕಾಯೊಳಗಿನ ನೀರು ಇಂಗಿತೇ,
ಗಿಟುಕು ಚಿಪ್ಪು ಬಿಟ್ಟಿತೇ,
ಸದ್ದು ಹಿಡಿದು ಫೋನಿಗೆ ತಿಳಿಸುವ ಯಂತ್ರ.
ಹಾಸನದ ಸ್ಪರ್ಧೆಯಲ್ಲಿ ಹದಿನಾಲ್ಕು ಸ್ಲೈಡು ತೋರಿಸಿದೆ.
ಒಂದರಲ್ಲೂ ಅಟ್ಟ ಹತ್ತುವವರ ಮುಖವಿರಲಿಲ್ಲ.
ಮೂರನೇ ಬಹುಮಾನ ಬಂತು. ಶಾಲು ಹೊದಿಸಿದರು.

ಹಾರನಹಳ್ಳಿಯ ಸಿದ್ಧಗಂಗಮ್ಮ
ಯಂತ್ರವನ್ನು ಅಂಗೈಯಲ್ಲಿಟ್ಟು ತೂಗಿದರು,
ಜಗಲಿಯ ಮೇಲಿಟ್ಟರು.
ರಾಶಿಯಿಂದ ಒಂದು ಕಾಯಿ ಎತ್ತಿ
ಕಿವಿಯ ಪಕ್ಕ ಅಲ್ಲಾಡಿಸಿದರು.
“ಲೊಟಕ್ ಅಂದ್ರೆ ಆಗೈತೆ.
ಗುಳುಗುಳು ಅಂದ್ರೆ ಇನ್ನೂ ಇರ್ಲಿ.
ಇದಕ್ಯಾಕವ್ವ ಎರಡು ಸಾವಿರ?”

ನಾನು ಇನ್ನೂ ಅರ್ಧ ಗಂಟೆ ಮಾತಾಡಿದೆ.
ಅವರು ಮಜ್ಜಿಗೆ ಕೊಟ್ಟರು.

ವಾಪಸು ಬರುವಾಗ ಬೈಕು ಓಡಿಸುತ್ತಲೇ
ಇಮ್ತಿಯಾಜ್ ಅಂದ, ತಿರುಗಿ ನೋಡದೆ:
“ಬೇಕಾ ಅಂತ ಕೇಳಿದ್ರೆ ನಮ್ಮ ಜನ ಬೇಕು ಅಂತಾರೆ,
ಬಂದವರ ಮುಖ ಬಾಡಬಾರದು ಅಂತ.
ಅಮ್ಮ ಹಾಗನ್ನಲಿಲ್ಲ ನೋಡು. ಪುಣ್ಯ ನಮ್ದು.”

ಆಮೇಲೆ ಹನ್ನೊಂದು ಅಟ್ಟ ಹತ್ತಿದೆವು
ಯಂತ್ರವಿಲ್ಲದೆ, ಬರೀ ನೋಟ್‌ಬುಕ್ಕು ಹಿಡಿದು.
ಏನು ಮಾಡಿಕೊಡಲಿ ಅಂತ ಕೇಳಲಿಲ್ಲ.
ಹೋದ ವರ್ಷ ಏನು ಹಾಳಾಯಿತು?
ರಾತ್ರಿ ಯಾಕೆ ಎದ್ದಿರಿ?
ಬರೆದುಕೊಂಡದ್ದು ಹೀಗಿದೆ:
ಇಲಿ. ಇಲಿ. ಹೆಗ್ಗಣ.
ಏಣಿ ಜಾರಿ ಸೊಂಟ ಉಳುಕಿದ್ದು, ಇಲಿ ಓಡಿಸಲು ಹೋಗಿ.
ಇಲಿ. ತಮ್ಮನ ಜೊತೆ ಪಾಲಿನ ಜಗಳ (ಇದು ನಮ್ಮ ಕೈಲಾಗದ್ದು).
ಇಲಿ.

ಹತ್ತು ತಿಂಗಳು ಕಾದ ಗಿಟುಕನ್ನು
ಹತ್ತು ರಾತ್ರಿಯಲ್ಲಿ ಕೊರೆಯುವ ಹಲ್ಲು.
ನಮ್ಮ ಪೊಟ್ಟಣದಲ್ಲಿ ಮೊದಲೇ ಇತ್ತು ಒಂದು ಮೈಕು,
ಯಾರೂ ಕೇಳದ ಪ್ರಶ್ನೆಗೆ ಕಿವಿಗೊಟ್ಟು ಕೂತದ್ದು.

ಎರಡನೆಯದು ಆರು ದಿನಕ್ಕೆ ಸಿದ್ಧವಾಯಿತು.
ಗಾಳಿಗೂ ಕೂಗಿತು, ಹಲ್ಲಿಗೂ, ಬೆಕ್ಕಿಗೂ;
ಗಂಡಸಿಯ ಷಡಕ್ಷರಪ್ಪ ಒಂದೇ ರಾತ್ರಿ
ನಲವತ್ತು ಸಲ ಎದ್ದು
ಬೆಳಗ್ಗೆ ತಿಪ್ಪೆಗೆಸೆದರು.
ಹೋಗಿ ಎತ್ತಿಕೊಂಡು ಬಂದೆವು.
ಬೈಗುಳವನ್ನೂ ಬರೆದುಕೊಂಡೆವು, ದಿನಾಂಕ ಹಾಕಿ.

ಮೂರನೆಯದರಲ್ಲಿ ಫೋನೇ ಇಲ್ಲ,
ಫೋನು ರಾತ್ರಿಯಿಡೀ ಮೊಮ್ಮಗನ ಕೈಲಿರುತ್ತದೆ.
ಅಡುಗೆಮನೆಯಲ್ಲೊಂದು ಕೆಂಪು ದೀಪ ಇಟ್ಟೆವು.
ನಾಲ್ಕನೆಯದರಲ್ಲಿ ದೀಪವೂ ಹೋಯಿತು:
ಬಾಣಂತಿಯಿದ್ದ ಮನೆಯಲ್ಲಿ ಕೂಸು ಅದನ್ನೇ ನೋಡುತ್ತ
ನಿದ್ದೆ ಬಿಟ್ಟಿತಂತೆ.
ಮಂಚದ ಕಾಲಿಗೆ ಕಟ್ಟುವ ಸಣ್ಣ ನಡುಕ ಮಾತ್ರ ಉಳಿಯಿತು.
ಇಷ್ಟರಲ್ಲಿ ನನ್ನ ಉಳಿತಾಯವೂ
ಗುಳುಗುಳು ಅನ್ನುವುದನ್ನು ನಿಲ್ಲಿಸಿತ್ತು.

ಐದನೆಯದು ಕಟ್ಟಿದ ಮೂರನೇ ವಾರ
ಸಿದ್ಧಗಂಗಮ್ಮ ಏನೂ ಹೊಗಳಲಿಲ್ಲ.
ಎಲೆಯಡಿಕೆ ಚೀಲದಿಂದ, ಸುಣ್ಣ ಮೆತ್ತಿದ
ಐನೂರರ ನೋಟೊಂದು ತೆಗೆದು
“ನಮ್ಮಕ್ಕನ ಮನೇಗೂ ಒಂದು ತಾ” ಅಂದರು.
ಆ ನೋಟನ್ನು ನಾವು ಮೂರು ದಿನ ಖರ್ಚು ಮಾಡಲಿಲ್ಲ.
ಶಾಲು ಈಗ ಮೇಜು ಒರೆಸಲು ಬರುತ್ತದೆ.

‘ಪಕ್ವ’ ಅನ್ನುವ ಹೆಸರನ್ನು ಯಾರೂ ಕರೆಯುವುದಿಲ್ಲ.
‘ಇಲಿಪೆಟ್ಗೆಯೋರು ಬಂದ್ರು’ ಅನ್ನುತ್ತಾರೆ,
ನಾಯಿ ಕಟ್ಟುತ್ತಾರೆ.

ಆರನೆಯದು ಮೊನ್ನೆ ಮುಗಿಯಿತು.
ಬೆಕ್ಕಿನ ವಿಷಯ ಇನ್ನೂ ಬಗೆಹರಿದಿಲ್ಲ.
ಇಮ್ತಿಯಾಜ್ ಸ್ಕ್ರೂ ಬಿಗಿದು ಕೊಟ್ಟದ್ದನ್ನು
ಅಭ್ಯಾಸಬಲದಿಂದ ಕಿವಿಯ ಪಕ್ಕ ಅಲ್ಲಾಡಿಸುತ್ತೇನೆ.
ಒಳಗೇನೋ ಸಡಿಲ.
ಇನ್ನೂ ಇರ್ಲಿ ಅನ್ನುವುದು ಕಾಯಿಗೆ ಸರಿ.
ಚೀಲಕ್ಕೆ ಹಾಕಿಕೊಂಡು ಹೊರಡುತ್ತೇನೆ,
ಜಾವಗಲ್ಲಿನ ಬಸ್ಸು ಏಳೂವರೆಗೆ.