ದೋಷ ಕಂಡುಬಂದಿಲ್ಲ

ಬೇಕರ್ಸ್‌ಫೀಲ್ಡಿನ ಸರ್ವಿಸ್ ಕೌಂಟರಿನಲ್ಲಿ ಕೂತು
ಹನ್ನೊಂದು ವರ್ಷ ಹೆಚ್ಚಾಗಿ ನಾನು ಬರೆದದ್ದು
ಇದೊಂದೇ ಸಾಲು.

ಲಿಗಾಯಾ ಡುಮಲಾವ್, ರಾತ್ರಿಪಾಳಿಯ ನರ್ಸ್,
ಡೆಲಾನೋದಿಂದ ಬರುತ್ತಿದ್ದಳು.
ಎರಡರಿಂದ ಮೂರಕ್ಕೆ ಬೀಳುವಾಗ
ಯಾರೋ ಹಿಂದಿನಿಂದ ಹೆಗಲು ಹಿಡಿದು ಜಗ್ಗಿದ ಹಾಗೆ, ಎಂದಳು,
ಆಮೇಲೆ ತುಸು ಹೊತ್ತು ಏನೂ ಇಲ್ಲ.
ಎಂಜಿನ್ ಕೂಗುತ್ತದೆ, ಚಕ್ರ ಕೇಳುವುದಿಲ್ಲ,
ಬೆನ್ನಿಗೇ ಲಾರಿ.

ನಮ್ಮ ಅಂಗಳದಲ್ಲಿ ಮಾತ್ರ ಆ ಕಾರು
ಇನ್‌ಸ್ಪೆಕ್ಟರ್ ಬಂದ ದಿನದ ತರಗತಿ, ಕೈಕಟ್ಟಿ ಕೂತಿತು.

ಒಮ್ಮೆ ಎಣ್ಣೆ ಬದಲಿಸಿದೆವು. ಒಮ್ಮೆ ಸಾಫ್ಟ್‌ವೇರ್.
ಮೂರನೆಯ ಸಲ, "ಇದು ಗೇರಿನ ಸ್ವಭಾವ,
ಅಭ್ಯಾಸವಾಗುತ್ತದೆ ಬಿಡಿ," ಎಂದೆ.
ಪ್ರತಿ ಸಲವೂ ಅವಳು ಹಿತ್ತಲಿನ ಕಲಮನ್ಸಿ,
ಗೋಲಿಗಾತ್ರದ ನಿಂಬೆ,
ಚೀಲ ತುಂಬ ತಂದು ಕೌಂಟರಿನ ಮೇಲಿಟ್ಟಳು.
ಪ್ರತಿ ಸಲವೂ ರಸೀದಿ ಕೇಳಿ ಪಡೆದಳು.

ಈಗ ಆ ರಸೀದಿಗಳು ವಕೀಲರ ಮೇಜಿನ ಮೇಲೆ
ತಾರೀಖಿನ ಸಾಲಿನಲ್ಲಿ. ಎಲ್ಲಕ್ಕೂ ನನ್ನದೇ ಸಹಿ.
ರಿಪೇರಿಗೆ ಬಗ್ಗದ ಕಾರಿಗೆ ಇಲ್ಲಿ ನಿಂಬೆ ಎನ್ನುತ್ತಾರೆ,
ಕಾನೂನಿಗೂ ಅದೇ ಹೆಸರು.
ಹುಳಿಯಾಗಿದ್ದದ್ದು ಬಿಟ್ಟರೆ
ಆ ಹಣ್ಣು ಮಾಡಿದ ತಪ್ಪೇನೋ.

"ನೀವು ಸ್ವತಃ ಓಡಿಸಿದ್ದಿರಾ?"

ಓಡಿಸಿದ್ದೆ. ನಾಲ್ಕನೆಯ ಸಲ, ಅಂಗಡಿ ಮುಚ್ಚುವ ಹೊತ್ತು,
ಟೆಹೋನ್ ಏರಿನಲ್ಲಿ. ಬಿಸಿಲಿಗೆ ಟಾರು ಮೆತ್ತಗಾಗಿತ್ತು.
ಎರಡರಿಂದ ಮೂರಕ್ಕೆ.
ಹೆಗಲು ಇನ್ನೂ ಮರೆತಿಲ್ಲ.
ಮರಳಿ ಬಂದು ಅದೇ ಸಾಲು ಬರೆದೆ,
ಅವಳ ಹಣ್ಣು ಹಿಂಡಿ ಒಂದು ಲೋಟ ನೀರು ಕುಡಿದೆ.

ಟೈಪಿಸ್ಟ್ ಬೆರಳೆತ್ತಿ ಕಾಯುತ್ತಿದ್ದಾಳೆ.
ನನ್ನ ಗಂಟಲು ಎರಡರಲ್ಲಿದೆ,
ಮೂರಕ್ಕೆ ಬೀಳುತ್ತಿಲ್ಲ.