ಸುಲೈಖಾ ಟೀಚರ್

ಸೊಹಾರಿನ ಅಲ್ಯುಮಿನಿಯಂ ಕಾರ್ಖಾನೆ, ಕ್ಯಾಂಟೀನಿನ ಹಿಂದೊಂದು ಕೋಣೆ,
ಎಂಟು ಕುರ್ಚಿ, ಸಂಜೆ ಆರಕ್ಕೆ ಒಬ್ಬನೇ ವಿದ್ಯಾರ್ಥಿ.
ಐಸ್‌ಲ್ಯಾಂಡಿನವನು. ಕುಲುಮೆಯ ಕೆಲಸ ಬಲ್ಲವನು.
ಹಾಜರಿ ಪುಸ್ತಕ ನೋಡಿ ಕರೆದೆ: ಥೋರ್‌ಗ್ರಿಮುರ್.
ನಾಲಿಗೆಯ ತುದಿ ಹಲ್ಲುಗಳ ನಡುವೆ, ಬರೀ ಉಸಿರು ಹೊರಗೆ,
ಉಚ್ಚಿಲದ ಮದರಸದಲ್ಲಿ ಉಸ್ತಾದರು
ಬೆತ್ತ ಹಿಡಿದು ಕಲಿಸಿದ ಹಾಗೆ.
ಅವನು ತಲೆಯೆತ್ತಿದ.
ಬಂದು ಏಳು ತಿಂಗಳು, ಎಲ್ಲರಿಗೂ ನಾನು ತೋರ್, ಅಂದ.
ಆಮೇಲೆ ನನ್ನ ಹೆಸರು ಹೇಳಲು ಹೋಗಿ
ಸುಲೈಖಾ, ಅಂದ.

ಖ ಸರಿಯಿತ್ತು, ನೋಡಿ. ಒಳಗಿಂದ ಉಜ್ಜಿಕೊಂಡು ಬಂದ ಖ,
ನಮ್ಮ ಕನ್ನಡ ಮೇಷ್ಟ್ರಿಗೆ ಕೊನೆಯವರೆಗೂ ಬಾರದ್ದು.
ಅವರ ಹಾಜರಿಯಲ್ಲಿ ನಾನು ಜುಲೇಕ.
ಆದರೂ ವ್ಯಂಜನಗಳ ವಿಳಾಸ ಕೊಟ್ಟದ್ದು ಅವರೇ:
ಕ ಅನ್ನು, ಗಂಟಲು. ಪ ಅನ್ನು, ತುಟಿ.
ಬಾಯಿ ಅಂದರೆ ಒಂದು ಓಣಿ ಮಾರಾಯ್ತಿ,
ಯಾರ ಮನೆ ಎಲ್ಲಿ ಅಂತ ತಿಳಿದರೆ ಸಾಕು.

ಲುಲು ಬಿಲ್ಲಿನಿಂದ ಪಟ್ಟಿ ಹರಿದು ಅವನ ತುಟಿಯೆದುರು ಹಿಡಿದೆ.
ಪೈಪ್, ಅಂದ. ಕಾಗದ ಹಾರಿತು. ಶಹಬ್ಬಾಸ್.
ಬಕೆಟ್, ಅಂದ. ಕಾಗದ ಅಲುಗಲಿಲ್ಲ, ಅದೂ ಸರಿಯೇ,
ಆದರೆ ಗಂಟಲೂ ಅಲುಗಲಿಲ್ಲ. ಪಕೆಟ್ ಎಂದೇ ಕೇಳಿತು.
ಮನೆ ಸರಿ, ಒಳಗೆ ದೀಪ ಹಚ್ಚಿಲ್ಲ.
ಬಾಗಿಲಲ್ಲಿ ನಿಂತ ಕಾವಲಿನ ಖಮೀಸ್ ನಕ್ಕ.
ಪ ಎಂಬುದೇ ಇಲ್ಲದ ಖಮೀಸ್!
ದಿನಾ ನನ್ನ ಕಾರಿಗೆ ‘ಬಾರ್ಕಿಂಗ್’ ತೋರಿಸುವವನು.
ಇಬ್ಬರನ್ನೂ ಎದುರುಬದುರು ಕೂರಿಸಿದೆ,
ಕೈಸಾಲ ಕೊಟ್ಟು ತಗೊಳ್ಳಿ ಎಂದು.

ವಾಲ್ವ್‌ಗೆ ಹಲ್ಲು ತುಟಿಯ ಮೇಲೆ. ವಾಟರ್‌ಗೆ ಹಲ್ಲು ಬೇಡ,
ಬಿಸಿ ಸುಲೈಮಾನಿ ಆರಿಸುವ ಹಾಗೆ ತುಟಿ ದುಂಡಗೆ.
ನಮ್ಮ ಶಾಲೆಯ ವ ಎರಡಕ್ಕೂ ಒಂದೇ ಕೊಡ,
ನಾನೂ ವರ್ಷಗಟ್ಟಲೆ ಅದರಲ್ಲೇ ಹೊತ್ತವಳು.

ಉಳಿದದ್ದು ಝ.
ಅಜ್ಜಿಯ ಕಾಲದಲ್ಲಿ ಬರವಣಿಗೆಯಲ್ಲಿತ್ತಂತೆ, ಬಾಯಲ್ಲಿರಲಿಲ್ಲವಂತೆ,
ಕೊನೆಗೆ ಸರಕಾರ ಬರವಣಿಗೆಯಿಂದಲೂ ತೆಗೆಯಿತಂತೆ.
ಸೇಫ್ಟಿ ಪರೀಕ್ಷೆಗೆ ‘ಡೇಂಜರ್ ಝೋನ್’ ಬೇಕು. ಅವನದು ಸೋನ್.
ಸ ಅನ್ನುತ್ತಲೇ ಇರು, ನಿಲ್ಲಿಸಬೇಡ,
ಬೆರಳು ಗಂಟಲ ಮೇಲಿಡು, ಈಗ ಒಳಗಿನ ಸ್ವಿಚ್ ಒತ್ತು.
ಸ್‌ಸ್‌ಸ್.
ಸ್‌ಸ್‌ಸ್.
ಕಿಟಕಿಯ ಹಳೆ ಎಸಿ ಕೇಳು,
ಗೋಡೆಗೆ ಕೂರಿಸಿದಂದಿನಿಂದ ಅದು ಅದನ್ನೇ ಹೇಳುತ್ತಿದೆ.
ಅವನು ಕಣ್ಣು ಮುಚ್ಚಿ ಎಸಿಯ ಜೊತೆ ಸೇರಿಕೊಂಡ.
ಯಾವುದು ಯಂತ್ರ, ಯಾವುದು ಮನುಷ್ಯ, ನನಗೂ ತಿಳಿಯಲಿಲ್ಲ.

ಅಷ್ಟರಲ್ಲಿ ಎಸಿ ತಣಿದು ಟಕ್ ಎಂದು ನಿಂತಿತು.
ಕೋಣೆಯಲ್ಲಿ ಝ್‌ಝ್‌ಝ್ ನಿಲ್ಲಲಿಲ್ಲ.
ಖಮೀಸ್ ಸುತ್ತ ನೋಡಿದ,
ನೊಣ ಹುಡುಕುತ್ತ.