ಗ್ರಾಹಕ

ಗ್ರೋನಿಂಗೆನ್‌ನಲ್ಲಿ ಐದನೆ ಮಹಡಿ, ಕಿಟಕಿಯಿಲ್ಲದ ಕೋಣೆ.
ಇಲಿಗಳಿಗಾಗಿ ಇಲ್ಲಿ ಹಗಲೇ ರಾತ್ರಿ.
ಕೆಂಪು ದೀಪದಡಿ ವಿಟ್ಸ್ಕೆ ಪೋಸ್ಟುಮ
ಹದಿನೇಳನೆಯದನ್ನು ತಕ್ಕಡಿಗಿಡುತ್ತಾಳೆ:
ಮುನ್ನೂರ ಹನ್ನೆರಡು ಗ್ರಾಂ,
ತಲೆಬುರುಡೆಗೆ ಕೂರಿಸಿದ ಗಾಜಿನೆಳೆಯೂ ಸೇರಿ.

ಗಂಟೆ. ಆಮೇಲೆ ಸಕ್ಕರೆ ನೀರು.
ಗಂಟೆ. ಆಮೇಲೆ ಸಕ್ಕರೆ ನೀರು.
ಮೊದಲ ದಿನ ಗೆರೆ ಏಳುವುದು ನಾಲಗೆಗೆ ಸಿಹಿ ತಾಗಿದಾಗ.
ವಾರ ಕಳೆದರೆ, ಗಂಟೆಗೇ.
ಸಕ್ಕರೆ ಬಂದರೆ ಬಂತು, ಗೆರೆಗೆ ಅದರ ಹಂಗಿಲ್ಲ.
ಗಂಟೆ ಬಾರಿಸಿ ಕೊಡದಿದ್ದರೆ ಮಾತ್ರ
ಇದ್ದ ಮಟ್ಟಕ್ಕಿಂತ ಕೆಳಗೊಂದು ತಗ್ಗು,
ಇನ್ನೊಂದು ಮೆಟ್ಟಿಲಿದೆಯೆಂದು ಕತ್ತಲಲ್ಲಿ ಕಾಲಿಟ್ಟ ಹಾಗೆ.
ಅವಳ ಹನ್ನೊಂದು ವರ್ಷ ಆ ತಗ್ಗಿನಲ್ಲಿವೆ.

ಗ್ರಾಹಕ ಅಂದರೆ? ಹೊಸ ಹುಡುಗ ಎಮ್ರೆ ಕೇಳುತ್ತಾನೆ.
ಬಾಗಿಲಲ್ಲಿ ಕೂತವನು, ಅನ್ನುತ್ತಾಳೆ,
ಬಂದವರ ಮುಖ ನೋಡುವುದಿಲ್ಲ, ಕೈಯ ಆಕಾರ ನೋಡುತ್ತಾನೆ.
ಹೊಂದಿದರೆ ಒಳಗೆ ಸುದ್ದಿ ಹೋಗುತ್ತದೆ.

ಶನಿವಾರ ರೈಲು ಹಿಡಿದು ಲೇವಾರ್ಡೆನ್, ಅಲ್ಲಿಂದ ಬಸ್ಸು.
ಅಪ್ಪ ಗೆರ್ಲೋಫ್, ಇಪ್ಪತ್ತೆಂಟು ಹಸು ಕರೆದವನು,
ತೊಂಬತ್ತೇಳರ ಜನವರಿಯಲ್ಲಿ ಹನ್ನೊಂದು ಊರುಗಳ ಕಾಲುವೆಗುಂಟ
ಇನ್ನೂರು ಕಿಲೋಮೀಟರು ಮಂಜಿನ ಮೇಲೆ ಜಾರಿ
ರಾತ್ರಿ ಮನೆಗೆ ಬಂದು ಹಾಲು ಕರೆದವನು.
ಅದಾದ ಮೇಲೆ ನೀರು ಅಷ್ಟು ದಪ್ಪ ಗಟ್ಟಿಯಾಗಲೇ ಇಲ್ಲ.
ಆದರೂ ಡಿಸೆಂಬರಿನಲ್ಲಿ ಹುಲ್ಲಿನ ತುದಿ ಬೆಳ್ಳಗಾದರೆ ಸಾಕು,
ಉಕ್ಕಿನ ಅಲಗಿಗೆ ಎಣ್ಣೆ ಹಚ್ಚುತ್ತಿದ್ದ.
ಗಂಟೆ. ಗಂಟೆ. ಗಂಟೆ.

ಕಾಲುವೆ ಹೆಪ್ಪುಗಟ್ಟಲಿಲ್ಲ. ಅಪ್ಪ ಹೆಪ್ಪುಗಟ್ಟಿದ.
ಅಡುಗೆಮನೆಯ ಹೊಸ್ತಿಲಲ್ಲಿ, ಕೈಯಲ್ಲಿ ಕಾಫಿ,
ಕಾಲು ನೆಲಕ್ಕಂಟಿ, ಮುಖಕ್ಕೆ ಯಾರೋ ಗಂಜಿ ಹಾಕಿದ ಹಾಗೆ.
ಡಾಕ್ಟರು ಮಾತ್ರೆ ಬರೆದರು. ಡೋಪಮಿನ್ ಅಲ್ಲ,
ಡೋಪಮಿನ್ನಿನ ವೇಷ. ಬಾಗಿಲಲ್ಲಿ ಕೂತವರು
ಕೈಯ ಆಕಾರ ನೋಡಿ ಸರಿ ಅಂದರು.
ಅಪ್ಪ ನಡೆದ. ಹೊಸ್ತಿಲು ದಾಟಿದ, ಸೇತುವೆ ದಾಟಿದ,
ಬಸ್ ನಿಲ್ದಾಣದ ಪಕ್ಕದ ಕೆಫೆಯಲ್ಲಿ
ಚೆರ್ರಿಹಣ್ಣು ತಿರುಗುವ ಯಂತ್ರದ ಮುಂದೆ ಹೋಗಿ ಕೂತ.

ಎಂಟು ತಿಂಗಳು.
ಹಸು ಮಾರಿದ ದುಡ್ಡು ಹೋಯಿತು.
ಅಮ್ಮ ಬಿಟ್ಟುಹೋದ ಬೆಳ್ಳಿ ಚಮಚ, ಒಂದೊಂದಾಗಿ.
ಒಳ್ಳೆಯ ಗ್ರಾಹಕ, ಅಂದಳು ಕೆಫೆಯ ಹೆಂಗಸು,
ಗಲಾಟೆಯಿಲ್ಲ, ಎಷ್ಟು ಸೋತರೂ ಮುಖ ಬದಲಾಗುವುದಿಲ್ಲ.

ವಿಟ್ಸ್ಕೆ ಮೊದಲು ಬೈದಳು. ವಿಜ್ಞಾನ ಆಮೇಲೆ ಬಂತು,
ಹಿಂದಿರುಗುವ ರೈಲಿನಲ್ಲಿ, ಟಿಕೆಟ್ ಕೇಳುವವನ ಹಾಗೆ ಎದುರು ನಿಂತಿತು.
ಸೋಲು ಬರುತ್ತಿತ್ತು, ಪ್ರತಿ ಸಲವೂ ಬರುತ್ತಿತ್ತು,
ಬಂದ ಸುದ್ದಿ ಒಳಗೆ ತಲುಪುತ್ತಿರಲಿಲ್ಲ,
ಪ್ರತಿ ಬಾಗಿಲಲ್ಲೂ ವೇಷದ ಕೈ.
ಅವಳು ಹನ್ನೊಂದು ವರ್ಷ ಅಳೆದ ತಗ್ಗು
ಅಪ್ಪನೊಳಗೆ ತುಂಬಿ ಸಪಾಟಾಗಿತ್ತು
ಆ ಜನವರಿಯ ಕಾಲುವೆಯ ಹಾಗೆ.
ಅವಳದೇ ಪ್ರಬಂಧದ ನಾಲ್ಕನೆ ಚಿತ್ರ. ಕೆಳಗೆ ಅವಳೇ ಬರೆದ ಸಾಲು:
ಪ್ರಾಣಿಗಳು ಸನ್ನೆಕೋಲು ಒತ್ತುವುದನ್ನು ನಿಲ್ಲಿಸಲಿಲ್ಲ.

ಈಗ ಮಾತ್ರೆ ಕಾಲು ಭಾಗ. ಯಂತ್ರದ ಮಾತಿಲ್ಲ.
ಕೈ ಮತ್ತೆ ನಡುಗುತ್ತದೆ, ಹೊಸ್ತಿಲು ಮತ್ತೆ ಎತ್ತರವಾಗಿದೆ.
ಯಾವುದು ನಾನು, ಕೇಳಿದ ಒಮ್ಮೆ, ಆಲೂಗಡ್ಡೆ ಸುಲಿಯುತ್ತ,
ಆಡಿದವನೋ, ಬಿಟ್ಟವನೋ?
ಎರಡನ್ನೂ ಮಾಡುವಾಗ ನಾನೇ ಅನ್ನಿಸಿತ್ತು.
ಅವಳು ಸಿಪ್ಪೆ ಬಳಿದು ಬುಟ್ಟಿಗೆ ಹಾಕಿದಳು.

ಫೆಬ್ರವರಿ. ಸೊನ್ನೆಗಿಂತ ನಾಲ್ಕು ಕೆಳಗೆ.
ಅಪ್ಪ ಹೊಸ್ತಿಲಲ್ಲಿ ನಿಂತುಬಿಟ್ಟಿದ್ದಾನೆ.
ಎಳೆಯಬೇಡ, ಅಂದಿದ್ದರು ವ್ಯಾಯಾಮ ಕಲಿಸುವವರು.
ಅವಳು ಎದುರು ನಿಂತು ಸೊಂಟ ಬಾಗಿಸಿ, ಕೈ ಬೆನ್ನಿಗಿಟ್ಟು
ಭಾರವನ್ನು ಎಡಕ್ಕೆ ಹಾಕಿದಳು. ಬಲಕ್ಕೆ. ಎಡಕ್ಕೆ.
ಅವನ ಭುಜಕ್ಕೆ ಮೊದಲು ಗುರುತು ಸಿಕ್ಕಿತು, ಆಮೇಲೆ ಮಂಡಿಗೆ,
ಚಪ್ಪಲಿಯಲ್ಲೇ ಜಾರಿ ಬಂದ, ಹಂಚಿನ ನೆಲದ ಮೇಲೆ,
ಅಂಗಳದವರೆಗೆ, ದಂಡೆಯವರೆಗೆ.

ಕೋಲಿನಿಂದ ಕುಟ್ಟಿದ. ಬಿರುಕಿನಿಂದ ಕಪ್ಪು ನೀರು ಒಸರಿತು.
ಎರಡು ಬೆರಳು, ಅಂದ. ಹದಿನೈದು ಸೆಂಟಿಮೀಟರು ಬೇಕು.
ಅವಳು ಮಂಜು ನೋಡಲಿಲ್ಲ, ಅವನ ಮುಖ ನೋಡುತ್ತಿದ್ದಳು,
ಅಲ್ಲಿಗೆ ಅವಳ ಯಾವ ಗಾಜಿನೆಳೆಯೂ ಹೋಗಿರಲಿಲ್ಲ.

ನಾಳೆ ಇನ್ನೂ ಚಳಿಯಂತೆ, ಅಂದ ಅಪ್ಪ.